ಅಂಕ ಕಡಿಮೆ ಬಂದರೆ ಐಟಿಐ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಊರುಗಳಲ್ಲಿ ಮಕ್ಕಳ ವಿಂಗಡಣೆ ನಡೆಯುತ್ತದೆ. ಒಳ್ಳೆಯ ಅಂಕ ಬಂದವರು ಸೈನ್ಸ್, ಸುಮಾರಾಗಿ ಬಂದವರು ಕಾಮರ್ಸ್, ಅದಕ್ಕೂ ಕೆಳಗಿನವರು ಆರ್ಟ್ಸ್. ಗಣಿತದಲ್ಲಿ ಎಡವಿ ಹೇಗೋ ಪಾಸಾದವನು ಐಟಿಐ. ಮೇಷ್ಟ್ರಿಗೂ ಸೋದರಮಾವನಿಗೂ ಪಕ್ಕದ ಮನೆಯವರಿಗೂ ಈ ಕ್ರಮ ಬಾಯಿಪಾಠ. “ಓದೋಕಂತೂ ಆಗ್ಲಿಲ್ಲ, ಒಂದು ಕೈಕೆಲಸನಾದ್ರೂ ಕಲೀಲಿ” ಎಂಬ ಮಾತನ್ನು ಹುಡುಗನ ಎದುರಿಗೇ ಆಡುತ್ತಾರೆ. ಅವನ ಕೈಗೆ ಏನು ಒಲಿಯುತ್ತದೆ, ಯಾವುದರಲ್ಲಿ ಅವನಿಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ ಎಂದು ಯಾರೂ ಕೇಳುವುದಿಲ್ಲ. ತೊಂಬತ್ತೈದು ತೆಗೆದು ಪಿಸಿಎಂಬಿಗೆ ಸೇರಿದ ಹುಡುಗಿಯನ್ನೂ ಕೇಳಿರುವುದಿಲ್ಲ. ನನ್ನ ತಕರಾರು ಕಾಲೇಜಿನ ಮೇಲೂ ಅಲ್ಲ, ಐಟಿಐ ಮೇಲೂ ಅಲ್ಲ. ಹದಿನಾರರ ಮಕ್ಕಳ ಬದುಕನ್ನು ಒಂದು ಅಂಕಪಟ್ಟಿ ನೋಡಿ ಹಂಚಿಬಿಡುವ ಈ ಪದ್ಧತಿಯ ಮೇಲೆ.

ಕೈಕೆಲಸಕ್ಕೆ ತಲೆ ಬೇಡ ಎಂಬ ನಂಬಿಕೆಯ ಮೇಲೆ ಈ ಪದ್ಧತಿ ನಿಂತಿದೆ. ಅದು ಎಷ್ಟು ಪೊಳ್ಳು ಎಂಬುದು ಫಿಟ್ಟರ್ ಟ್ರೇಡಿನ ಮೊದಲ ತಿಂಗಳುಗಳನ್ನು ನೋಡಿದರೆ ತಿಳಿಯುತ್ತದೆ. ಹುಡುಗನ ಮುಂದೆ ವೈಸ್‌ಗೆ ಕಚ್ಚಿಸಿದ ಮೈಲ್ಡ್ ಸ್ಟೀಲ್ ತುಂಡು, ಕೈಯಲ್ಲಿ ಫೈಲು. ಆ ತುಂಡಿನ ಮೇಲ್ಮೈಯನ್ನು ಮಟ್ಟಸ ಮಾಡಬೇಕು, ಅಷ್ಟೇ ಕೆಲಸ. ಫೈಲಿನ ಹಲ್ಲು ಮುಂದಕ್ಕೆ ತಳ್ಳುವಾಗ ಮಾತ್ರ ಲೋಹವನ್ನು ತಿನ್ನುತ್ತದೆ. ಹಿಂದಕ್ಕೆ ಎಳೆಯುವಾಗ ಭಾರ ಬಿಡಬೇಕು. ತಳ್ಳಲು ಶುರು ಮಾಡುವಾಗ ತುದಿ ಹಿಡಿದ ಎಡಗೈಯ ಒತ್ತು ಹೆಚ್ಚು, ನಡುವೆ ಎರಡೂ ಕೈ ಸಮ, ಕೊನೆಗೆ ಬಲಗೈಯದು ಹೆಚ್ಚು. ಈ ಹದ ತಪ್ಪಿದರೆ ಫೈಲು ತೂಗಾಡಿ, ಎರಡೂ ಅಂಚು ಸವೆದು ನಡು ಉಬ್ಬುತ್ತದೆ. ಹೊಸಬರ ತುಂಡುಗಳು ಹೆಚ್ಚಾಗಿ ಹೀಗೆಯೇ ಉಬ್ಬಿರುತ್ತವೆ. ಟ್ರೈಸ್ಕ್ವೇರ್ ಇಟ್ಟು ಕಿಟಕಿಯ ಕಡೆ ಹಿಡಿದರೆ ಸಂದಿನಲ್ಲಿ ಬೆಳಕು ತೂರಿ ತಪ್ಪು ಎಲ್ಲಿದೆ ಎಂದು ತೋರಿಸಿಬಿಡುತ್ತದೆ. ಆ ಬೆಳಕು ಕಾಣದಾಗುವವರೆಗೆ ಉಜ್ಜಬೇಕು. ಆದರೆ ಎಲ್ಲಿ ನಿಲ್ಲಿಸಬೇಕೆಂದೂ ಗೊತ್ತಿರಬೇಕು, ಒಮ್ಮೆ ಹೋದ ಲೋಹ ಮತ್ತೆ ಬಾರದು. ಉಜ್ಜಿದ ಕೂಡಲೇ ಅಳತೆ ತೆಗೆಯುವಂತಿಲ್ಲ, ಬಿಸಿಗೆ ತುಂಡು ಹಿಗ್ಗಿರುತ್ತದೆ, ತಣ್ಣಗಾಗುವವರೆಗೆ ಕಾಯಬೇಕು. ವರ್ನಿಯರ್ ಕ್ಯಾಲಿಪರಿನಲ್ಲಿ ಮಿಲಿಮೀಟರಿನ ಐವತ್ತನೇ ಒಂದು ಭಾಗ, ಮೈಕ್ರೊಮೀಟರಿನಲ್ಲಿ ನೂರನೇ ಒಂದು ಭಾಗ ಓದಲು ಕಲಿಯಬೇಕು.

ಬಿಸಿಗೆ ಲೋಹ ಹಿಗ್ಗುವ ಸೂತ್ರವನ್ನು ಪಿಯುಸಿ ಹುಡುಗ ಪರೀಕ್ಷೆಯಲ್ಲಿ ಬರೆಯುತ್ತಾನೆ, ಫಿಟ್ಟರ್ ಹುಡುಗ ಕೈಯಲ್ಲಿ ಹಿಡಿದಿರುತ್ತಾನೆ. ಇಬ್ಬರೂ ಕಲಿಯುವುದು ಒಂದೇ ಭೌತಶಾಸ್ತ್ರ. ಪಿಯುಸಿಯಲ್ಲಿ ಅರ್ಧ ಸರಿ ಬರೆದರೆ ಅರ್ಧ ಅಂಕ ಸಿಗುತ್ತದೆ. ವರ್ಕ್‌ಶಾಪಿನಲ್ಲಿ ಅರ್ಧ ಸರಿಯಾದ ತುಂಡು ಸ್ಕ್ರ್ಯಾಪಿಗೆ ಹೋಗುತ್ತದೆ. ಲೇತ್‌ನಲ್ಲಿ ಥ್ರೆಡ್ ಕಟ್ ಮಾಡಲು ಗೇರಿನ ಅನುಪಾತ ತಿಳಿಯಬೇಕು, ಮೋಟರಿಗೆ ಸ್ಟಾರ್-ಡೆಲ್ಟಾ ಕೊಡಲು ವೋಲ್ಟೇಜಿನ ಲೆಕ್ಕ ಬರಬೇಕು. ಗಣಿತ ಬರದವನನ್ನು ಹುಡುಕಿ ಹುಡುಕಿ ಇಲ್ಲಿಗೆ ಕಳಿಸುವುದರಿಂದ ಹುಡುಗನಿಗೂ ಅನ್ಯಾಯ, ಕಸುಬಿಗೂ ಅನ್ಯಾಯ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು. “ಡಿಗ್ರಿಯಿಂದ ಏನೂ ಪ್ರಯೋಜನವಿಲ್ಲ, ಕಸುಬು ಕಲಿಯಿರಿ” ಎಂಬ ಉಪದೇಶ ಈಗ ವೇದಿಕೆಗಳ ಮೇಲೆ ಹೇರಳ. ಉಪದೇಶ ಮಾಡುವವರ ಮಕ್ಕಳು ಎಲ್ಲಿದ್ದಾರೆ ಎಂದು ನೋಡಿ: ಕಾಲೇಜಿನಲ್ಲಿ. ಕಸುಬಿನ ಮಹತ್ವವನ್ನು ಕೇಳಿಸಿಕೊಳ್ಳಬೇಕಾದವರು ಮಾತ್ರ ಯಾವಾಗಲೂ ಬೇರೆಯವರ ಮಕ್ಕಳು. ಈ ಮಾತಿಗೆ ನಮ್ಮಲ್ಲಿ ಹಳೆಯ ಗಾಯವೊಂದಿದೆ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಕ್ರಮ ತಂದರು. ದಿನದ ಒಂದು ಪಾಳಿ ಶಾಲೆ, ಉಳಿದ ಹೊತ್ತು ಅಪ್ಪ-ಅಮ್ಮನ ಕಸುಬು. ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲೇ ಇತ್ತು. ಕಾಗದದ ಮೇಲೆ ಇದು ದುಡಿಮೆಗೆ ಕೊಟ್ಟ ಗೌರವ. ನೆಲದ ಮೇಲೆ ಕ್ಷೌರಿಕನ ಮಗ ಕತ್ತರಿ ಹಿಡಿಯಬೇಕು, ಚಮ್ಮಾರನ ಮಗ ಅಟ್ಟೆ ಹೊಲಿಯಬೇಕು ಎಂದಂತೆ. ಜನ ಅದನ್ನು ‘ಕುಲಕಸುಬಿನ ಶಿಕ್ಷಣ’ ಎಂದು ಕರೆದು ಬೀದಿಗಿಳಿದರು. ಮರುವರ್ಷ ಕಾಮರಾಜ್ ಅಧಿಕಾರಕ್ಕೆ ಬಂದಾಗ ಯೋಜನೆ ರದ್ದಾಯಿತು. ಜಾತಿ ಎಂಬುದು ದುಡಿಯುವವರನ್ನೇ ಮೇಲು ಕೀಳಾಗಿ ಜೋಡಿಸಿಟ್ಟ ವ್ಯವಸ್ಥೆ ಎಂದು ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು. ತಲೆಮಾರುಗಳಿಂದ ಕೈಕೆಲಸಕ್ಕೇ ಕಟ್ಟಿಹಾಕಿಸಿಕೊಂಡ ಮನೆಯೊಂದು ತನ್ನ ಮಗಳು ಬಿಎ ಆದರೂ ಮಾಡಲಿ ಎಂದು ಹಟ ಹಿಡಿದರೆ ಅದನ್ನು ಡಿಗ್ರಿಯ ಭ್ರಮೆ ಎನ್ನುವ ಹಕ್ಕು ಯಾರಿಗೂ ಇಲ್ಲ. ಆ ಮನೆಗೆ ಕಾಲೇಜು ಎಂದರೆ ಸಂಬಳದ ಲೆಕ್ಕ ಮಾತ್ರವಲ್ಲ. ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜು ಎಷ್ಟೋ ಹುಡುಗಿಯರ ಮದುವೆಯನ್ನು ಮೂರು ವರ್ಷ ಮುಂದಕ್ಕೆ ಹಾಕಿಸಿದೆ. ಆ ಒಂದು ಕೆಲಸಕ್ಕೇ ನಾನು ಆ ಕಾಲೇಜುಗಳ ಪರವಾಗಿ ವಾದಿಸಬಲ್ಲೆ.

ಹಾಗಾದರೆ ಕಸುಬಿನ ಕಲಿಕೆಗೆ ನಿಜವಾದ ಬೆಲೆ ಬರುವುದು ಹೇಗೆ? ಭಾಷಣದಿಂದ ಬಾರದು. ಬೆಲೆ ಕಟ್ಟುವವರಲ್ಲಿ ಮೊದಲನೆಯದು ಸರ್ಕಾರ, ಮತ್ತು ಅದು ಕಟ್ಟಿರುವ ಬೆಲೆ ಎಲ್ಲರ ಕಣ್ಣೆದುರಿಗಿದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವನಿಗೆ 1,500. ಕೆಲಸವಿಲ್ಲದ ಹೊಟ್ಟೆ ಇಬ್ಬರದೂ ಒಂದೇ, ಭತ್ಯೆ ಮಾತ್ರ ಅರ್ಧ. ಅಪ್ರೆಂಟಿಸ್ ನಿಯಮಗಳ 2019ರ ತಿದ್ದುಪಡಿ ಐಟಿಐ ಮುಗಿಸಿದವನಿಗೂ ಬರೀ ಹನ್ನೆರಡನೇ ತರಗತಿ ಮುಗಿಸಿದವನಿಗೂ ಒಂದೇ ಕನಿಷ್ಠ ಸ್ಟೈಪೆಂಡ್ ಇಟ್ಟಿತು, 7,000 ರೂಪಾಯಿ. ಮೆಷಿನ್ ಮುಂದೆ ನಿಂತ ಮೊದಲ ದಿನವೇ ಒಬ್ಬನಿಗೆ ಕೆಲಸ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಆ ವ್ಯತ್ಯಾಸಕ್ಕೆ ಒಂದು ರೂಪಾಯಿಯೂ ಇಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಪವರ್‌ಮನ್ ನೇಮಕಾತಿ. 2024ರಲ್ಲಿ ಕೆಪಿಟಿಸಿಎಲ್ ಕಿರಿಯ ಪವರ್‌ಮನ್ ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ ವಿದ್ಯಾರ್ಹತೆ ಎಸ್ಸೆಸ್ಸೆಲ್ಸಿ. ದೈಹಿಕ ಪರೀಕ್ಷೆಯಲ್ಲಿ ಕಂಬ ಹತ್ತಿ ತೋರಿಸಬೇಕು, ಆಯ್ಕೆ ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಎರಡು ವರ್ಷ ಕೂತು ಎಲೆಕ್ಟ್ರಿಷಿಯನ್ ಟ್ರೇಡ್ ಕಲಿತು, ಅರ್ಥಿಂಗ್ ಯಾಕೆ ಕೊಡಬೇಕು, ಲೈನ್ ಸತ್ತಿದೆ ಎಂದು ಹೇಗೆ ಖಾತ್ರಿ ಮಾಡಿಕೊಳ್ಳಬೇಕು ಎಂದು ಅರಿತವನ ಕಲಿಕೆ ಆ ಅರ್ಹತೆಯಲ್ಲಿ ಇಲ್ಲ. ಹತ್ತನೇ ತರಗತಿಯ ಸಮಾಜ ವಿಜ್ಞಾನದ ಅಂಕ ಇದೆ. ಕರೆಂಟಿನ ಕಂಬ ಹತ್ತುವವನನ್ನು ಹೀಗೆ ಆರಿಸುವ ಸರ್ಕಾರ, ಐಟಿಐ ಸೇರಿ ಎಂದು ತಂದೆತಾಯಿಗೆ ಯಾವ ಬಾಯಲ್ಲಿ ಹೇಳುತ್ತದೆ? ಇದೇ ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಪರ್ಮಿಟ್ ಇದೆ, ಕಂಟ್ರಾಕ್ಟರ್ ಲೈಸೆನ್ಸ್ ಇದೆ. ಎಲೆಕ್ಟ್ರಿಷಿಯನ್ನನಿಗೆ ಅದರಿಂದ ಸಿಗುವ ತೂಕ ಪ್ಲಂಬರಿಗೆ, ಬಡಗಿಗೆ, ಗಾರೆಯವರಿಗೆ ಇಲ್ಲ. ಬಲ್ಲವನೇ ಮಾಡಬೇಕು ಎಂದು ಕಾನೂನು ಹೇಳಿದ ಕಡೆ ಕಸುಬಿಗೆ ಮರ್ಯಾದೆ ತಾನಾಗಿ ಬಂದಿದೆ.

ಚೆನ್ನಾಗಿ ನಡೆದಿರುವ ಉದಾಹರಣೆಗಳೂ ಇಲ್ಲಿಯೇ ಇವೆ. ವಿಶ್ವೇಶ್ವರಯ್ಯ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದದ್ದಕ್ಕೆ ಬರಬೇಕಿದ್ದ ಹಣವನ್ನು ಸ್ವಂತಕ್ಕೆ ಬಳಸದೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಬೆಂಗಳೂರಿನ ಇಂದಿನ ಎಸ್‌ಜೆ ಪಾಲಿಟೆಕ್ನಿಕ್ ಹಾಗೆ ಹುಟ್ಟಿದ್ದು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯ ಟೂಲ್ ಅಂಡ್ ಡೈ ಕೋರ್ಸು, ಹಳ್ಳಿಯ ಬಡ ಮಕ್ಕಳಿಗಾಗಿ 2007ರಲ್ಲಿ ಬಿಡದಿಯಲ್ಲಿ ತೆರೆದ ಟೊಯೊಟಾ ತರಬೇತಿ ಸಂಸ್ಥೆ, ಇವುಗಳಲ್ಲಿ ಸೀಟು ಸಿಗುವುದೇ ಕಷ್ಟ. ಓದಲು ಬಾರದವರು ಕಸುಬಿಗೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಚುರುಕಾದ ಮಕ್ಕಳೇ ಪೈಪೋಟಿ ಮಾಡಿ ಬರುತ್ತಾರೆ. ಸರ್ಕಾರವೂ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಐಟಿಐಗಳಿಗೆ ನಾಲ್ಕೂವರೆ ಸಾವಿರ ಕೋಟಿಗೂ ಹೆಚ್ಚು ವೆಚ್ಚದಲ್ಲಿ ಹೊಸ ಯಂತ್ರಗಳನ್ನು ತಂದಿದೆ. ಯಂತ್ರ ಬೇಕಿತ್ತು, ಸಂತೋಷ. ಆದರೆ ಉಬ್ಬಿದ ತುಂಡನ್ನು ನೋಡಿ “ಕೊನೆಗೆ ಎಡಗೈ ಬಿಗಿ ಹಿಡೀತಿದೀಯ” ಎಂದು ಗುರುತಿಸಬಲ್ಲ ಮೇಷ್ಟ್ರು ಸಾಲದೆ ಹೋದರೆ ಸಿಎನ್‌ಸಿ ಯಂತ್ರ ಮುಸುಕು ಹೊದ್ದು ನಿಲ್ಲುತ್ತದೆ. ಮಗನನ್ನು ಸೇರಿಸುವ ಮುನ್ನ ತಂದೆತಾಯಿ ಕಟ್ಟಡ ನೋಡುವುದನ್ನು ಬಿಟ್ಟು, ಒಂದು ಲೇತ್‌ಗೆ ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ಗಂಟೆ ಕೈಗೆ ಕೆಲಸ ಎಂದು ಕೇಳಬೇಕು.

ಕಸುಬು ಕಲಿಸುವುದರಲ್ಲಿ ಜರ್ಮನಿಯ ಮಾದರಿಯನ್ನು ಎಲ್ಲರೂ ಹೊಗಳುತ್ತಾರೆ. ಅಲ್ಲಿ ಕಲಿಯುವ ಹುಡುಗನಿಗೆ ಕಂಪನಿ ಸಂಬಳ ಕೊಡುತ್ತದೆ, ಕಲಿಸುವ ಹೊಣೆಯನ್ನೂ ಹೊರುತ್ತದೆ ಎಂಬುದನ್ನು ಹೊಗಳುವವರು ಮರೆಯುತ್ತಾರೆ. ನಮ್ಮಲ್ಲಿ ಟ್ರೇನಿ ಎಂದು ಕರೆದು ಪೂರ್ತಿ ಕೆಲಸ ತೆಗೆಸಿ, ವರ್ಷ ಮುಗಿದ ಮೇಲೆ ಇನ್ನೊಬ್ಬ ಟ್ರೇನಿಯನ್ನು ತರುವ ಕಾರ್ಖಾನೆಗಳಿಗೆ ಕೊರತೆಯಿಲ್ಲ.

ಐಟಿಐನಿಂದ ಮುಂದಕ್ಕೆ ಓದಲು ಒಂದು ದಾರಿ ಈಗಾಗಲೇ ಕಾಗದದ ಮೇಲೆ ಇದೆ, ಅದನ್ನು ಮಕ್ಕಳಿಗೆ ಹೇಳುವವರಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅಲ್ಲಿ ಎರಡು ವರ್ಷ ಓದಿ, ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಒಟ್ಟು ಏಳು ವರ್ಷ. ಪಿಯುಸಿ ಮುಗಿಸಿ ಬಿಇ ಮಾಡಿದವನಿಗೆ ಆರು. ಒಂದೇ ಒಂದು ವರ್ಷದ ವ್ಯತ್ಯಾಸ, ಅದೂ ಕೈಯಲ್ಲಿ ಕಸುಬು ಇಟ್ಟುಕೊಂಡು. ಹಾಗಿದ್ದರೂ ಈ ದಾರಿಯಲ್ಲಿ ಎಡವುವ ಜಾಗ ಯಾವುದೆಂದು ಮೇಷ್ಟ್ರುಗಳಿಗೆಲ್ಲ ಗೊತ್ತು: ಗಣಿತ. ಡಿಪ್ಲೊಮಾದಿಂದ ಬಿಇಗೆ ಬಂದವರಿಗೆ ವಿಟಿಯು ಪ್ರತ್ಯೇಕ ಸೇತುಪಾಠ ಇಟ್ಟಿದೆ. ಐಟಿಐನಿಂದ ಡಿಪ್ಲೊಮಾಕ್ಕೆ ಬರುವವನಿಗೆ ಅಂಥದ್ದು ಇನ್ನೂ ಹೆಚ್ಚು ಬೇಕು, ಅದೂ ಕನ್ನಡದಲ್ಲಿ, ಸೇರುವ ಮೊದಲಿನ ರಜೆಯಲ್ಲೇ. ಅದಕ್ಕೆ ಬೇಕಾಗುವುದು ಪ್ರತಿ ಪಾಲಿಟೆಕ್ನಿಕ್‌ನಲ್ಲಿ ಒಂದು ಕೊಠಡಿ ಮತ್ತು ಬೇಸಿಗೆಯ ಎರಡು ತಿಂಗಳು ಪಾಠ ಹೇಳಲು ಒಪ್ಪುವ ಒಬ್ಬ ಗಣಿತದ ಮೇಷ್ಟ್ರು.