ಕಾಲಿಗೆ ಕಟ್ಟುವ ಹಾಜರಿ ಪುಸ್ತಕ

ಜೈಲುಗಳು ತುಂಬಿಹೋಗಿವೆ, ಆದ್ದರಿಂದ ವಿಚಾರಣೆಗೆ ಮುಂಚೆ ಜಾಮೀನಿನ ಮೇಲೆ ಬಿಡುವ ಆರೋಪಿಗಳ ಕಾಲಿಗೆ ಜಾಡು ಹಿಡಿಯುವ ಯಂತ್ರ ಕಟ್ಟಿ ಮನೆಗೆ ಕಳಿಸೋಣ ಎಂಬ ಮಾತು ದೆಹಲಿಯಲ್ಲಿ ಎದ್ದಿದೆ. 2023ರ ಸೆಪ್ಟೆಂಬರಿನಲ್ಲಿ ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ ತನ್ನ ಜೈಲು ಸುಧಾರಣೆಯ ವರದಿಯಲ್ಲಿ ಇದನ್ನು ಶಿಫಾರಸು ಮಾಡಿತು. ಅದೇ ವರ್ಷ ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಕಳಿಸಿದ ಮಾದರಿ ಕಾರಾಗೃಹ ಕಾಯ್ದೆಯಲ್ಲಿ, ಯಂತ್ರ ತೊಡಲು ಒಪ್ಪುವ ಕೈದಿಗೆ ರಜೆ ಕೊಡಬಹುದು ಎಂದಿದೆ. ನವೆಂಬರಿನಲ್ಲಿ ಜಮ್ಮುವಿನಲ್ಲಿ ಯುಎಪಿಎ ಆರೋಪಿಯೊಬ್ಬರ ಕಾಲಿಗೆ ಕೋರ್ಟಿನ ಆದೇಶದಂತೆ ಜಿಪಿಎಸ್ ಕಡಗ ಬಿದ್ದೇಬಿಟ್ಟಿತು.

ಸಾಹಿತ್ಯದ ಪತ್ರಿಕೆಯಲ್ಲಿ ಇದ್ಯಾಕೆ ಎನ್ನಬೇಡಿ. ಕವಿತೆಯನ್ನು ಪದಪದ ಬಿಡಿಸಿ ಓದುವ ನಾವು ಸರ್ಕಾರದ ಕಾಗದವನ್ನೂ ಹಾಗೇ ಓದಬೇಕು. ನಮ್ಮ ಜನ ಕವಿತೆಯಿಂದ ಕೆಟ್ಟಿದ್ದು ಕಡಿಮೆ, ಕಾಗದದಿಂದ ಕೆಟ್ಟಿದ್ದೇ ಹೆಚ್ಚು.

ಬಸವಾಪಟ್ಟಣದ ಕೇರಿಯಲ್ಲಿ ನಾವು ನಾಲ್ಕೈದು ಮಂದಿ ಕೂತು ವರದಿಯ ಸಾರವನ್ನು ಕನ್ನಡದಲ್ಲಿ ಹೇಳುತ್ತಿದ್ದಾಗ ಹಿರಿಯರೊಬ್ಬರು ಅಂದರು: 'ಬೇಲಿ ಹಾರೋ ದನದ ಕೊರಳಿಗೆ ಕೊರಡು ಕಟ್ತಾರಲ್ಲ, ಹಂಗಾತು ಬಿಡ್ರಪ್ಪ. ಆದ್ರೆ ದನ ಬೇಲಿ ಹಾರಿದ್ದನ್ನ ಕಣ್ಣಾರೆ ಕಂಡ ಮ್ಯಾಲೆ ಕೊರಡು. ಇವನು ಹಾರಿದ್ನೋ ಇಲ್ವೋ ಅಂತ ಕೋರ್ಟೇ ಇನ್ನೂ ಹೇಳಿಲ್ಲ.' ಶಿಕ್ಷೆಯಾಗುವ ತನಕ ಆರೋಪಿ ನಿರಪರಾಧಿ ಎಂಬ ನ್ಯಾಯಶಾಸ್ತ್ರದ ದೊಡ್ಡ ಮಾತನ್ನು ಇದಕ್ಕಿಂತ ಚೆನ್ನಾಗಿ ನಮಗೆ ಹೇಳಲಾಗದು.

ವರದಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ ಪದ 'ಒಪ್ಪಿಗೆ'. ಕೈದಿಯ ಒಪ್ಪಿಗೆ ಪಡೆದೇ ಕಟ್ಟುವುದಂತೆ, ಹಾಗಾದರೆ ಮಾನವ ಹಕ್ಕಿಗೆ ಧಕ್ಕೆ ಇಲ್ಲವಂತೆ. ಸ್ವಾಮಿ, ಬೀಗದ ಕೈ ಹಿಡಿದು ನಿಂತವನು 'ಕಾಲು ಕೊಡ್ತೀಯೋ, ಒಳಗೇ ಇರ್ತೀಯೋ' ಎಂದರೆ ಯಾವನು ಕಾಲು ಕೊಡೋದಿಲ್ಲ? ಜೀತಕ್ಕೆ ಬಿದ್ದ ನಮ್ಮ ಅಪ್ಪ ತಾತಂದಿರೂ ಹೆಬ್ಬೆಟ್ಟು ಒತ್ತಿ ಒಪ್ಪಿದವರೇ. 1976ರ ಜೀತ ರದ್ದತಿ ಕಾಯ್ದೆ ಆ ಹೆಬ್ಬೆಟ್ಟುಗಳನ್ನು ಒಪ್ಪಿಗೆ ಎಂದು ಎಣಿಸಲಿಲ್ಲ. ಅಂದು ಕಾನೂನಿಗೆ ಅರ್ಥವಾದದ್ದು ಇಂದು ಸಮಿತಿಗೆ ಏಕೆ ಅರ್ಥವಾಗುವುದಿಲ್ಲ?

ಒಳಗಿರುವವರು ಯಾರು, ಏಕೆ ಒಳಗಿದ್ದಾರೆ ಎಂಬ ಮಾತಿಗೆ ಬರೋಣ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಇವರಲ್ಲಿ ಜಾಮೀನು ಸಿಕ್ಕೂ ಹೊರಬರಲಾರದವರಿದ್ದಾರೆ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಗೊತ್ತು, ಜಾಮೀನುದಾರ ಬೇಕು, ಅವನ ಕೈಯಲ್ಲಿ ಪಹಣಿ ಬೇಕು, ಕಂದಾಯದ ರಸೀದಿ ಬೇಕು. ನಮ್ಮ ಸೀಮೆಯಲ್ಲಿ ಅಡಿಕೆ ತೋಟ ಎಷ್ಟು ಹಬ್ಬಿದರೂ ಕೇರಿಯ ಬಹಳ ಮಂದಿಯ ಹೆಸರಿಗೆ ಪಹಣಿ ಇಲ್ಲ. ಆಗ ಹೋಗಿ ನಿಲ್ಲುವುದು ತೋಟದ ಧಣಿಯ ಜಗಲಿ ಮುಂದೆ. ಧಣಿ ಬಂದು ರುಜು ಹಾಕುತ್ತಾನೆ, ಇಲ್ಲವೆನ್ನುವುದಿಲ್ಲ. ಆದರೆ ಆ ರುಜುವಿನ ಬಾಕಿ ತೀರುವುದು ಯಾವಾಗ? ಕೊನೆ ಇಳಿಸುವಾಗ, ಅಡಿಕೆ ಸುಲಿಯುವಾಗ ಕೂಲಿ ಇಷ್ಟೇ ಯಾಕೆ ಎಂದು ಕೇಳಲು ಬಾಯಿ ಬರುವುದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳ ಜಾಮೀನಿಗೆ 40,000 ರೂಪಾಯಿವರೆಗೆ ಕೊಡುವ ಯೋಜನೆ ಮಾಡಿತು, ಒಳ್ಳೇದೇ. ಆದರೆ ದುಡ್ಡು ಕೊಟ್ಟರೆ ಪಹಣಿ ಬರುತ್ತದೆಯೇ?

ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೂ ಹೀಗೇ ಆಗಿತ್ತು. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟರೂ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರನನ್ನು ಕೇಳಿದರು, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ತಳ್ಳಿದರು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ಧಣಿಯೂ ಬೇಕಾಗಲಿಲ್ಲ, ಯಂತ್ರವೂ ಬೇಕಾಗಲಿಲ್ಲ.

'ಹೆಂಗಾದ್ರೂ ಆಗ್ಲಿ, ಹುಡುಗ ಮನೆಗೆ ಬರ್ತಾನಲ್ಲ' ಎಂದರು ಮೂಲೆಯಲ್ಲಿ ಕೂತಿದ್ದ ತಾಯಿಯೊಬ್ಬರು. ಅದಕ್ಕೆ ನಾವು ಥಟ್ಟನೆ ಉತ್ತರಿಸಲಾಗಲಿಲ್ಲ. ಜೈಲಿನ ಅನ್ನಕ್ಕಿಂತ ಮನೆಯ ಗಂಜಿ ಮೇಲು, ಅದನ್ನು ಅಲ್ಲಗಳೆಯುವ ಕ್ರಾಂತಿಕಾರಿಗಳು ನಾವಲ್ಲ. ಆದರೆ ಅವ್ವ, ಅಮೆರಿಕದಲ್ಲಿ ಏನಾಯಿತು ಕೇಳು. ಅಲ್ಲಿ 1983ರಲ್ಲಿ ನ್ಯೂ ಮೆಕ್ಸಿಕೋದ ನ್ಯಾಯಾಧೀಶರೊಬ್ಬರು ಮಕ್ಕಳ ಸ್ಪೈಡರ್‌ಮ್ಯಾನ್ ಚಿತ್ರಕಥೆ ನೋಡಿ ಇದನ್ನು ಶುರು ಮಾಡಿದರು. (ನಮ್ಮ ಪುರಾಣಗಳನ್ನು ಓದದೆ ಹೋದದ್ದು ಪುಣ್ಯ!) ಆಮೇಲೆ ಎಷ್ಟೋ ಕಡೆ ಯಂತ್ರದ ದಿನಬಾಡಿಗೆಯನ್ನು ತೊಟ್ಟವನ ಕೈಯಿಂದಲೇ ವಸೂಲು ಮಾಡಿದರು, ಕಟ್ಟದಿದ್ದವನು ಮತ್ತೆ ಜೈಲಿನ ಭಯದಲ್ಲಿ ಬದುಕಿದ. ಯಂತ್ರಕ್ಕೆ ದಿನಾ ಕರೆಂಟು ಉಣಿಸಬೇಕು, ಅಷ್ಟು ಹೊತ್ತು ಕಾಲನ್ನು ಗೋಡೆಗೆ ಕೊಟ್ಟು ಕೂರಬೇಕು. ಕರೆಂಟು ಹೋದರೆ, ಗುಡ್ಡದ ಮರೆಗೆ ಸಿಗ್ನಲ್ ಸತ್ತರೆ, ಓಡಿಹೋದ ಎಂದು ಬರೆಯುವವರು ಯಾರು? ಕೆಸರು ಗದ್ದೆಯಲ್ಲಿ ಪಂಚೆ ಎತ್ತಿ ಕಟ್ಟಿದಾಗ ಅದನ್ನು ಕಂಡವರು ನಾಳೆ ಕೂಲಿಗೆ ಕರೀತಾರಾ?

ಮೈಗೆ ಗುರುತು ಕಟ್ಟುವುದು ಈ ದೇಶಕ್ಕೆ ಹೊಸದೇನಲ್ಲ. ಪೇಶ್ವೆಗಳ ಕಾಲದಲ್ಲಿ ಅಸ್ಪೃಶ್ಯನ ಮುಂಗೈಗೋ ಕೊರಳಿಗೋ ಕರಿದಾರ ಇರಬೇಕಿತ್ತು, ಪುಣೆಯಲ್ಲಿ ಸೊಂಟಕ್ಕೆ ಪೊರಕೆ ಕಟ್ಟಿಕೊಳ್ಳಬೇಕಿತ್ತು ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. 1871ರಲ್ಲಿ ಬ್ರಿಟಿಷರು ಜಾತಿ ಜಾತಿಗಳನ್ನೇ ಅಪರಾಧಿಗಳೆಂದು ಬರೆದುಕೊಂಡು ಹಾಜರಿ ಹಾಕಿಸಿದರು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ ಜಾಗಕ್ಕೆ ಸೆಟ್ಲಮೆಂಟ್ ಎಂಬ ಹೆಸರೇ ನಿಂತಿದೆ. ಪಕ್ಕದ ಸೂರಗೊಂಡನಕೊಪ್ಪಕ್ಕೆ ಸೇವಾಲಾಲರ ದರ್ಶನಕ್ಕೆ ಬರುವ ಲಂಬಾಣಿಗರೂ ಹೈದರಾಬಾದ್ ಸಂಸ್ಥಾನದಲ್ಲಿ ಆ ಪಟ್ಟಿಯಲ್ಲಿದ್ದವರೇ. 1952ರ ಆಗಸ್ಟ್ 31ರಂದು ಆ ಕಾಯ್ದೆ ಹೋಯಿತು. ಠಾಣೆಯ ಪಟ್ಟಿಗಳು ಹೋಗಲಿಲ್ಲ. ಆಗ ಹಾಜರಿ ಪುಸ್ತಕ ಠಾಣೆಯಲ್ಲಿತ್ತು, ರುಜು ಹಾಕಿ ಮನೆಗೆ ಬರಬಹುದಿತ್ತು. ಈಗ ಪುಸ್ತಕ ಮನೆಗೇ ಬಂದು ಹಾಸಿಗೆಯಲ್ಲಿ ಮಲಗುತ್ತದೆ.

2024ರ ಜುಲೈ 8ರಂದು ಸುಪ್ರೀಂ ಕೋರ್ಟು ಫ್ರಾಂಕ್ ವೈಟಸ್ ಮೊಕದ್ದಮೆಯಲ್ಲಿ, ಆರೋಪಿ ಗೂಗಲ್ ನಕ್ಷೆಯಲ್ಲಿ ತಾನಿರುವ ಜಾಗ ತೋರಿಸುತ್ತಿರಬೇಕೆಂಬ ಜಾಮೀನಿನ ಷರತ್ತನ್ನು ತೆಗೆದುಹಾಕಿತು. ಪೊಲೀಸರು ಸದಾ ಖಾಸಗಿ ಬದುಕಿನಲ್ಲಿ ಇಣುಕುವಂತಿಲ್ಲ ಎಂದಿತು. ನವೆಂಬರಿನಲ್ಲಿ ಅದೇ ಕೋರ್ಟಿನ ಸಂಶೋಧನಾ ಕೇಂದ್ರ ಯಂತ್ರವನ್ನು ಪ್ರಯೋಗಿಸಿ ನೋಡಬಹುದೆಂದು ವರದಿ ಹೊರಡಿಸಿತು. ಕೈಯಲ್ಲಿರುವ ಫೋನು ಇಣುಕಬಾರದು, ಕಾಲಿನ ಕಡಗ ಇಣುಕಬಹುದು ಎಂದರೆ ಏನರ್ಥ?

ಆ ತಾಯಿಗೆ ನಾವು ಕೊನೆಗೆ ಹೇಳಿದ್ದು ಇಷ್ಟೇ: ವಕೀಲರ ಹತ್ತಿರ ಹೋದಾಗ ಮೊದಲು ಮೋತಿರಾಮ್ ಹೆಸರು ಹೇಳವ್ವ, ಸ್ವಂತ ಮುಚ್ಚಳಿಕೆ ಕೇಳು. ಆಕೆ ಆ ಹೆಸರನ್ನು ನಮ್ಮಿಂದ ಚೀಟಿಯಲ್ಲಿ ಬರೆಸಿಕೊಂಡು ಸೆರಗಿಗೆ ಗಂಟು ಹಾಕಿಕೊಂಡರು.