ಪೋಷಕರ ಗಮನಕ್ಕೆ

2023ರ ಡಿಸೆಂಬರ್ 1, ಶುಕ್ರವಾರ ಬೆಳಿಗ್ಗೆ ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಖಾಸಗಿ ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಮಕ್ಕಳನ್ನು ಕೊಠಡಿಗಳಿಂದ ಹೊರಗೆ ಕರೆತರಬೇಕು, ಪೊಲೀಸರಿಗೆ ತಿಳಿಸಬೇಕು. ಅದೇ ಗಡಿಬಿಡಿಯಲ್ಲಿ ಶಾಲೆಗಳು ಮಾಡಬೇಕಾಗಿದ್ದ ಇನ್ನೊಂದು ಕೆಲಸ, ಮನೆಗಳಿಗೆ ಸುದ್ದಿ ಮುಟ್ಟಿಸುವುದು. ಬೆದರಿಕೆ ಬಂದಿದೆ, ಸುರಕ್ಷತೆಗಾಗಿ ಮಕ್ಕಳನ್ನು ಈಗಲೇ ಕಳಿಸುತ್ತಿದ್ದೇವೆ ಎಂದು ನಾಲ್ಕು ಸಾಲಿನಲ್ಲಿ ನೇರವಾಗಿ ಬರೆದು ತಿಳಿಸಿದ ಶಾಲೆಗಳಿದ್ದವು. ತಪಾಸಣೆಯ ನಂತರ ಬೆದರಿಕೆ ಹುಸಿಯೆಂದು ಖಚಿತವಾಯಿತು. ಆದರೆ ಖಾಸಗಿ ಶಾಲೆಗಳಿಗೆ ಪೋಷಕರೊಡನೆ ಸ್ಪಷ್ಟವಾಗಿ ಮಾತಾಡಲು ಬರುತ್ತದೆ ಎಂಬುದಂತೂ ಅಂದು ಗೊತ್ತಾಯಿತು. ಏನಾಗಿದೆ, ನಾವೇನು ಮಾಡುತ್ತಿದ್ದೇವೆ, ನೀವೇನು ಮಾಡಬೇಕು: ಬೇಕಾದ್ದು ಈ ಮೂರೇ.

ವರ್ಷದ ಉಳಿದ ದಿನಗಳಲ್ಲಿ ಹೈಸ್ಕೂಲಿನಿಂದ ಮನೆಗೆ ಬರುವ ಬರಹ ಹೀಗಿರುವುದಿಲ್ಲ. ಅದನ್ನು ಡೈರಿಯಲ್ಲಿ ಅಂಟಿಸಿದ ಚೀಟಿ ಎನ್ನಿ, ಸರ್ಕ್ಯುಲರ್ ಎನ್ನಿ, ಆ್ಯಪ್‌ನಲ್ಲಿ ಬರುವ ನೋಟಿಫಿಕೇಶನ್ ಎನ್ನಿ, ಕರ್ನಾಟಕದ ಲಕ್ಷಾಂತರ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಓದಲೇಬೇಕಾದ ಗದ್ಯ ಇದು. ಇಷ್ಟು ಓದಿಸಿಕೊಳ್ಳುವ ಗದ್ಯವನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡಂತಿಲ್ಲ. ಎತ್ತಿಕೊಳ್ಳಬೇಕು. ಶಾಲೆಯೊಂದು ತಂದೆ ತಾಯಿಯರನ್ನು ಏನೆಂದು ತಿಳಿದುಕೊಂಡಿದೆ ಎಂಬುದು ಅದರ ವಾರ್ಷಿಕ ವರದಿಗಿಂತ ಚೆನ್ನಾಗಿ ಈ ಚೀಟಿಗಳಲ್ಲಿ ಕಾಣುತ್ತದೆ.

ಜೂನ್‌ನಿಂದ ಏಪ್ರಿಲ್‌ವರೆಗಿನ ನೋಟೀಸುಗಳನ್ನು ಜೋಡಿಸಿಟ್ಟು ಓದಿದರೆ ಒಂದು ಕ್ರಮ ಕಾಣುತ್ತದೆ. ಮೊದಲು ಪುಸ್ತಕ, ಸಮವಸ್ತ್ರ ಮತ್ತು ಮೊದಲ ಕಂತಿನ ಫೀಸು. ಆಗಸ್ಟ್ 15ಕ್ಕೆ ಬಿಳಿ ಬಟ್ಟೆ. ಸೆಪ್ಟೆಂಬರ್‌ನಲ್ಲಿ ಶಿಕ್ಷಕರ ದಿನ, ಹಿಂದೆಯೇ ಅರ್ಧವಾರ್ಷಿಕ ಪರೀಕ್ಷೆಯ ವೇಳಾಪಟ್ಟಿ, ಎರಡನೇ ಕಂತು, ದಸರಾ ರಜೆ. ನವೆಂಬರ್ 1ಕ್ಕೆ ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನ. ಡಿಸೆಂಬರ್ ಬಂತೆಂದರೆ ಪ್ರವಾಸ, ಕ್ರೀಡಾಕೂಟ, ಸ್ಕೂಲ್ ಡೇ ಮೂರೂ ಒಟ್ಟಿಗೆ. ಜನವರಿಯಿಂದ ಹತ್ತನೇ ತರಗತಿಯವರಿಗೆ ಪ್ರಿಪರೇಟರಿ, ಕೊನೆಗೆ ಬೀಳ್ಕೊಡುಗೆ. ಇಷ್ಟರಲ್ಲಿ ಪೋಷಕರಿಗೆ ಉಳಿಯುವ ಪಾತ್ರಗಳು ಮೂರು: ಕಟ್ಟುವವರು, ಕೊಂಡು ತರುವವರು, ಹೇಳಿದ ಹೊತ್ತಿಗೆ ಬಂದು ಕೂರುವವರು. ಮಗು ಏನು ಕಲಿಯುತ್ತಿದೆ, ಎಲ್ಲಿ ಎಡವುತ್ತಿದೆ ಎಂಬ ಮಾತು ಈ ಬರಹದೊಳಗೆ ಬರುವುದೇ ಇಲ್ಲ. ಈ ಬರಹದ ನಿಜವಾದ ದೋಷ ಅದು. ಕಾಗುಣಿತ, ಅಚ್ಚಿನ ತಪ್ಪುಗಳೆಲ್ಲ ಅದರ ಮುಂದೆ ಸಣ್ಣವು.

ಒಳ್ಳೆಯ ಶಾಲಾ ಪ್ರಕಟಣೆಗೆ ಮಾದರಿ ಬೇಕೆಂದರೆ ಕರಾವಳಿ, ಮಲೆನಾಡಿನ ಜಿಲ್ಲಾಧಿಕಾರಿಗಳು ಮಳೆಗಾಲದಲ್ಲಿ ಹೊರಡಿಸುವ ರಜೆ ಆದೇಶವನ್ನು ನೋಡಬೇಕು. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಚಿಕ್ಕಮಗಳೂರಿನವರಿಗೆ ಜುಲೈ ತಿಂಗಳಲ್ಲಿ ಇದು ನಿತ್ಯದ ಓದು. ಯಾವ ದಿನ, ಯಾವ ತಾಲ್ಲೂಕು, ಅಂಗನವಾಡಿಯಿಂದ ಎಷ್ಟನೇ ತರಗತಿಯವರೆಗೆ, ಪದವಿ ಕಾಲೇಜು ಸೇರಿದೆಯೋ ಇಲ್ಲವೋ, ಎಲ್ಲವೂ ಅದರಲ್ಲಿರುತ್ತದೆ. ಮಕ್ಕಳನ್ನು ಹೊಳೆ, ಸಮುದ್ರದ ಕಡೆ ಬಿಡಬೇಡಿ ಎಂಬ ಎಚ್ಚರಿಕೆಯೂ, ತಪ್ಪಿದ ಪಾಠವನ್ನು ಮುಂದೆ ಸರಿದೂಗಿಸಬೇಕೆಂಬ ಸೂಚನೆಯೂ ಹಲವು ಬಾರಿ ಜೊತೆಗಿರುತ್ತವೆ. ಓದುವವನಿಗೆ ಮತ್ತೊಂದು ಫೋನ್ ಮಾಡುವ ಅಗತ್ಯ ಬೀಳುವುದಿಲ್ಲ. ಹಳೆಯ ಆದೇಶದ ದಿನಾಂಕ ತಿದ್ದಿದ ನಕಲಿಗಳು ಹರಿದಾಡಿ ಜಿಲ್ಲಾಡಳಿತ ಸ್ಪಷ್ಟನೆ ಕೊಡಬೇಕಾದ ಪ್ರಸಂಗಗಳೂ ಇವೆ. ಜನ ಆ ಕಾಗದವನ್ನು ಎಷ್ಟು ನಂಬುತ್ತಾರೆ ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಇದರ ಪಕ್ಕದಲ್ಲಿ ಸ್ಕೂಲ್ ಡೇ ನೋಟೀಸನ್ನು ಇಟ್ಟು ನೋಡಬೇಕು. ನೃತ್ಯದ ಉಡುಪಿನ ಬಾಡಿಗೆ ಇಷ್ಟು, ನಾಳೆಯೊಳಗೆ ಕೊಡಿ, ಪೋಷಕರು ಸಹಕರಿಸಬೇಕು. ಸಂಜೆ ನಾಲ್ಕಕ್ಕೆ ಕಾರ್ಯಕ್ರಮ, ಅದೂ ಕೆಲಸದ ದಿನ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ತಾಯಿ, ಆಟೊ ಓಡಿಸುವ ತಂದೆ ಮಗಳ ಹೆಜ್ಜೆ ನೋಡಬೇಕೆಂದರೆ ಅರ್ಧ ದಿನದ ದುಡಿಮೆ ಬಿಡಬೇಕು. ಮೂರು ವಾರ ಮೊದಲೇ ತಿಳಿಸಿದ್ದರೆ ಪಾಳಿ ಬದಲಿಸಿಕೊಳ್ಳಬಹುದಿತ್ತು. ಮಗಳ ನೃತ್ಯ ಸುಮಾರು ಎಷ್ಟು ಗಂಟೆಗೆ ಎಂದು ಒಂದು ಸಾಲು ಇದ್ದರೂ ಸಾಕಿತ್ತು. ಕಡಿಮೆ ಫೀಸಿನ ಖಾಸಗಿ ಶಾಲೆಗಳ ಕೊಠಡಿಗಳಲ್ಲಿ ಇಂಥವರ ಮಕ್ಕಳೇ ಬಹಳ. ನೋಟೀಸು ಮಾತ್ರ, ಮನೆಯಲ್ಲಿ ಯಾರಾದರೊಬ್ಬರು ಸದಾ ಬಿಡುವಾಗಿರುತ್ತಾರೆ ಎಂದುಕೊಂಡೇ ಬರೆದದ್ದು.

ಹತ್ತನೇ ತರಗತಿಗೆ ಬಂದಾಗ ಈ ಅರೆಮಾತಿನಿಂದ ನಿಜವಾದ ನಷ್ಟವಾಗುತ್ತದೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಅಂಕ ಶಾಲೆಯೇ ಕೊಡುವ ಆಂತರಿಕ ಅಂಕ: ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20. ವರ್ಷದ ಉದ್ದಕ್ಕೂ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳಿಂದ, ಅಂದರೆ ಮಕ್ಕಳು ಎಫ್‌ಎ ಎನ್ನುವ ಕಿರು ಪರೀಕ್ಷೆ, ಚಟುವಟಿಕೆಗಳಿಂದ ಅವು ಬರುತ್ತವೆ. ಐದರಲ್ಲೊಂದು ಪಾಲು. ಆದರೂ ಎಫ್‌ಎ ದಿನಾಂಕ ನೋಟೀಸಿನಲ್ಲಿ ಬರುತ್ತದೆಯೇ ಹೊರತು, ಆ ಅಂಕ ಅಂತಿಮ ಲೆಕ್ಕಕ್ಕೆ ಸೇರುತ್ತದೆ ಎಂಬ ವಿವರ ಬರುವುದು ಅಪರೂಪ. ಆಗಸ್ಟ್‌ನಲ್ಲಿ ಮಗ ಪ್ರಾಜೆಕ್ಟ್ ಒಪ್ಪಿಸದೆ ಹೋದರೆ ಅದು ಮಾರ್ಚ್‌ನಲ್ಲಿ ಏನಾಗಿ ಕಾಡುತ್ತದೆ ಎಂಬುದು ಮನೆಯವರಿಗೆ ತಿಳಿಯುವುದು ಅಂಕಪಟ್ಟಿ ಬಂದ ಮೇಲೆ.

2024ರಲ್ಲಿ ಪೂರಕ ಪರೀಕ್ಷೆಯ ಪದ್ಧತಿ ಹೋಗಿ ಪರೀಕ್ಷೆ-1, 2, 3 ಎಂಬ ಕ್ರಮ ಬಂತು. ಮೂರರಲ್ಲಿ ಹೆಚ್ಚು ಬಂದ ಅಂಕವನ್ನೇ ವಿದ್ಯಾರ್ಥಿ ಉಳಿಸಿಕೊಳ್ಳಬಹುದಿತ್ತು, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಕೂರಬಹುದಿತ್ತು. ಅದೇ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು, ತೇರ್ಗಡೆ ಪ್ರಮಾಣ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಇಷ್ಟು ದೊಡ್ಡ ಬದಲಾವಣೆಯನ್ನು ಮನೆಗಳಿಗೆ ಬಿಡಿಸಿ ಹೇಳಬೇಕಾದವರು ಯಾರು? ಪರೀಕ್ಷಾ ಮಂಡಳಿ ಮುಖ್ಯ ಶಿಕ್ಷಕರಿಗೆ ಬರೆಯುತ್ತದೆ, ಮುಖ್ಯ ಶಿಕ್ಷಕರು ಪೋಷಕರಿಗೆ ಬರೆಯಬೇಕು. ಬರೆದದ್ದು ಸಾಮಾನ್ಯವಾಗಿ ವೇಳಾಪಟ್ಟಿಯೊಂದನ್ನೇ. ಎರಡನೇ ಪರೀಕ್ಷೆಗೆ ಕೂರುವುದು ನಾಚಿಕೆಯ ವಿಷಯವಲ್ಲ, ಅದು ಮಗುವಿಗೆ ಸಿಕ್ಕಿರುವ ಅವಕಾಶ ಎಂದು ಶಾಲೆಯ ಲೆಟರ್‌ಹೆಡ್‌ನಲ್ಲೇ ಬರೆದು ಕಳಿಸಿದ್ದರೆ, ಫಲಿತಾಂಶದ ದಿನ ಎಷ್ಟೋ ಮನೆಗಳಲ್ಲಿ ಬೈಗುಳ ಕಡಿಮೆಯಾಗುತ್ತಿತ್ತು.

ಮನೆಗೆ ಕಳಿಸುವ ಸಂದೇಶದಲ್ಲಿ ಏನಿರಬೇಕು ಎಂಬುದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ವೆಸ್ಟ್ ವರ್ಜೀನಿಯಾದ 22 ಶಾಲೆಗಳಲ್ಲಿ ಪೀಟರ್ ಬರ್ಗ್‌ಮನ್ ಮತ್ತು ಎರಿಕ್ ಚಾನ್ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಲ್ಲಿನ ಮಾಧ್ಯಮಿಕ, ಪ್ರೌಢ ಹಂತದ ಮಕ್ಕಳ ಪೋಷಕರಿಗೆ, ನಿಮ್ಮ ಮಗು ಈ ವಾರ ಇಂಥ ವಿಷಯದ ಇಷ್ಟು ತರಗತಿ ತಪ್ಪಿಸಿದೆ, ಇಷ್ಟು ಮನೆಗೆಲಸ ಒಪ್ಪಿಸಿಲ್ಲ ಎಂದು ಮೊಬೈಲಿಗೆ ತಾನಾಗಿ ಸಂದೇಶ ಹೋಗುವಂತೆ ಮಾಡಿದರು. ವಿಷಯವಾರು ಅನುತ್ತೀರ್ಣತೆ ಶೇ 28ರಷ್ಟು ಇಳಿಯಿತು, ತರಗತಿ ಹಾಜರಿ ಶೇ 12ರಷ್ಟು ಏರಿತು. ರಾಜ್ಯಮಟ್ಟದ ಪರೀಕ್ಷೆಯ ಅಂಕಗಳು ಮಾತ್ರ ಬದಲಾಗಲಿಲ್ಲ, ಅದನ್ನೂ ಅವರು ಮುಚ್ಚಿಡಲಿಲ್ಲ. ಆ ಸಂದೇಶಗಳಿಗೆ ತಗುಲಿದ ಖರ್ಚು ಅತ್ಯಲ್ಪ. ನಮ್ಮ ಶಾಲೆಗಳ ಆ್ಯಪ್‌ಗಳಲ್ಲಿ ಇದಕ್ಕೆ ಬೇಕಾದ ಸೌಲಭ್ಯವೆಲ್ಲ ಈಗಾಗಲೇ ಇದೆ, ಫೀಸು ಬಾಕಿಯ ನೆನಪೋಲೆ ಅದೇ ದಾರಿಯಲ್ಲಿ ಮಗುವಿನ ಹೆಸರು ಹಿಡಿದೇ ಬರುತ್ತದೆ. ಬೀಜಗಣಿತದಲ್ಲಿ ಹಿಂದೆ ಬಿದ್ದಿದ್ದಾಳೆ ಎಂಬ ಸುದ್ದಿಗೂ ಅಷ್ಟೇ ಸಿದ್ಧತೆ ಸಾಕು.

ಇನ್ನು ಭಾಷೆ. ರಾಯಚೂರು, ಹುಬ್ಬಳ್ಳಿ, ತುಮಕೂರು ಎಲ್ಲೇ ಆಗಲಿ, ಇಂಗ್ಲಿಷ್ ಮಾಧ್ಯಮದ ಖಾಸಗಿ ಹೈಸ್ಕೂಲು ಮನೆಗೆ ಬರೆಯುವುದು ಇಂಗ್ಲಿಷಿನಲ್ಲಿ. ಮಗಳಿಗೆ ಇಂಗ್ಲಿಷ್ ಬರಲೆಂದು ಅಲ್ಲಿಗೆ ಸೇರಿಸಿದ ತಾಯಿಗೆ ಆ ಚೀಟಿ ಓದಲು ಬರುವುದಿಲ್ಲ. ಓದಿ ಹೇಳುವವಳು ಎಂಟನೇ ತರಗತಿಯ ಮಗಳೇ. ಏನು ಹೇಳಬೇಕು, ಏನು ಬಿಡಬೇಕು ಎಂಬ ತೀರ್ಮಾನ ಹೀಗೆ ಹದಿಮೂರು ವರ್ಷದವಳ ಕೈಗೆ ಹೋಗುತ್ತದೆ. ಪ್ರವಾಸದ ಸುದ್ದಿ ಪೂರ್ತಿ ಮುಟ್ಟುತ್ತದೆ, ಶನಿವಾರದ ಪೇರೆಂಟ್ಸ್ ಮೀಟಿಂಗ್ ಸುದ್ದಿ ಮುಟ್ಟುವುದಿಲ್ಲ. ಆಮೇಲೆ ಸಭೆಗೆ ಬಾರದ ತಾಯಿಗೆ ಆಸಕ್ತಿ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತಾಗುತ್ತದೆ. ಅದೇ ಪುಟದ ಕೆಳಗೆ ಆರು ಸಾಲು ಕನ್ನಡ ಬರೆಯಲು ಕನ್ನಡ ಮೇಷ್ಟ್ರಿಗೆ ಹತ್ತು ನಿಮಿಷ ಸಾಕು. ಓದಲು ಬಾರದವರಿಗೆ ಕ್ಲಾಸ್ ಟೀಚರ್ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಬಹುದು. ಹೀಗೆ ಮಾಡುವ ಶಿಕ್ಷಕಿಯರು ಅಲ್ಲಲ್ಲಿ ಇದ್ದಾರೆ, ತಮ್ಮ ಸ್ವಂತ ಫೋನಿನಿಂದ, ಯಾರೂ ಹೇಳದೆಯೇ ಮಾಡುತ್ತಾರೆ. ಅವರ ಆ ಕೆಲಸವನ್ನು ಶಾಲೆ ತನ್ನ ಪದ್ಧತಿಯಾಗಿಸಿಕೊಳ್ಳಬೇಕು.

ಡಿಸೆಂಬರ್‌ನ ಪ್ರವಾಸದ ನೋಟೀಸನ್ನು ಬೇರೆಯಾಗಿಯೇ ನೋಡಬೇಕಾಗಿದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಹೋದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಪ್ರಾಣ ಕಳೆದುಕೊಂಡರು. ಅದು ಸರ್ಕಾರಿ ವಸತಿ ಶಾಲೆ. ಆದರೆ ಖಾಸಗಿ ಶಾಲೆಗಳ ಬಸ್ಸುಗಳೂ ಅದೇ ತಿಂಗಳು ಅದೇ ಕಡಲಿಗೆ ಹೋಗುತ್ತವೆ. ನೋಟೀಸಿನಲ್ಲಿ ಊರುಗಳ ಹೆಸರು, ಹಣ, ಹೊರಡುವ ಹೊತ್ತು, ಕೆಳಗೆ ಒಪ್ಪಿಗೆಯ ಸಹಿಗೆ ಜಾಗ. ಏನಾದರೂ ಆದರೆ ಶಾಲೆ ಹೊಣೆಯಲ್ಲ ಎಂಬ ಸಾಲನ್ನೂ ಕೆಲವರು ಸೇರಿಸುತ್ತಾರೆ. ಎಷ್ಟು ಮಕ್ಕಳಿಗೆ ಎಷ್ಟು ಜನ ಶಿಕ್ಷಕರು, ನೀರಿಗಿಳಿಸುತ್ತಾರೋ ಇಲ್ಲವೋ, ರಾತ್ರಿ ಪ್ರಯಾಣ ಇದೆಯೋ, ಜೊತೆಗಿರುವವರ ಫೋನ್ ನಂಬರ್ ಯಾವುದು? ಹೆತ್ತವರು ಗೇಟಿನ ಹತ್ತಿರ ನಿಂತು ಡ್ರೈವರನನ್ನು ಕೇಳುವ ಪ್ರಶ್ನೆಗಳಿವು. ಇವಕ್ಕೆ ಉತ್ತರ ಕೊಡದೆ ಪಡೆದ ಸಹಿಯನ್ನು ಒಪ್ಪಿಗೆ ಎನ್ನಲಾಗದು.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಎಲ್ಲವೂ ವಾಟ್ಸ್ಆ್ಯಪ್‌ಗೆ ಬಂತು. ಆಗ ಕೆಲವು ತಿಂಗಳು ಗುಂಪುಗಳಲ್ಲಿ ಪೋಷಕರೂ ಮಾತಾಡಿದರು. 2021ರ ಜನವರಿಯಲ್ಲಿ ಸರ್ಕಾರ ಬೋಧನಾ ಶುಲ್ಕವನ್ನು ಶೇ 30ರಷ್ಟು ಕಡಿತಗೊಳಿಸಿ ಆದೇಶಿಸಿದ ಹೊತ್ತಿಗೆ ಮಾತು ಬಿಸಿಯೇರಿತು, ಬಹಳ ಗುಂಪುಗಳಲ್ಲಿ ಅಡ್ಮಿನ್ ಮಾತ್ರ ಬರೆಯುವ ಏರ್ಪಾಡಾಯಿತು. ಇನ್ನೂರು ಜನರ ಶುಭೋದಯಗಳ ನಡುವೆ ಪರೀಕ್ಷೆಯ ಸುದ್ದಿ ಕಳೆದುಹೋಗಬಾರದು ಎಂಬ ಶಾಲೆಗಳ ವಾದದಲ್ಲಿ ಹುರುಳಿದೆ. ಗುಂಪಿನ ಬಾಯಿ ಮುಚ್ಚಿದ ಮೇಲೆ ಪ್ರಶ್ನೆ ಕೇಳಲು ಬೇರೊಂದು ಬಾಗಿಲು ತೆರೆಯಬೇಕಿತ್ತು, ಅದನ್ನು ಮರೆತರು. ಆ್ಯಪ್ ಬಂದ ಮೇಲೆ ಮಕ್ಕಳ ಫೋಟೊ, ಅಂಕ, ವಿಳಾಸ ಎಲ್ಲವೂ ಹೊರಗಿನ ಕಂಪನಿಯ ಸರ್ವರ್ ಸೇರಿದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆಯನ್ನು ನಿಯಮವಾಗಿ ಇಟ್ಟಿದೆ. ಶಾಲೆಗಳಿಗೆ ಕೆಲವು ವಿನಾಯಿತಿಗಳಿದ್ದರೂ, ಏನನ್ನು ಎಲ್ಲಿ ಇಟ್ಟಿದ್ದೇವೆ ಎಂದು ಮನೆಯವರಿಗೆ ತಿಳಿಸಲು ಯಾವ ವಿನಾಯಿತಿಯೂ ಅಡ್ಡಬರುವುದಿಲ್ಲ.

ಸರ್ಕಾರಿ ಶಾಲೆಯ ಪೋಷಕರಿಗೆ ಪ್ರಶ್ನೆ ಕೇಳುವ ವಿಷಯದಲ್ಲಿ ಒಂದು ಬಲವಿದೆ. ಕರ್ನಾಟಕದಲ್ಲಿ 2001ರಿಂದ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಹೇಳುತ್ತದೆ, ಅರ್ಧದಷ್ಟು ಮಹಿಳೆಯರಿರಬೇಕೆಂದೂ ಹೇಳುತ್ತದೆ. ಅನುದಾನರಹಿತ ಖಾಸಗಿ ಶಾಲೆಗಳನ್ನು ಅದೇ ಸೆಕ್ಷನ್ ಹೊರಗಿಟ್ಟಿದೆ. ಕೂಲಿ ಮಾಡುವ ತಂದೆ ಸರ್ಕಾರಿ ಶಾಲೆಯಲ್ಲಿ ಸಮಿತಿಯ ಸದಸ್ಯನಾಗಬಹುದು, ಅವನೇ ಸಾಲ ಮಾಡಿ ಮಗನನ್ನು ಖಾಸಗಿ ಹೈಸ್ಕೂಲಿಗೆ ಸೇರಿಸಿದರೆ ನೋಟೀಸು ಪಡೆಯುವವನಷ್ಟೇ ಆಗುತ್ತಾನೆ.

ಸಿಬಿಎಸ್‌ಇ ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದೆ. ತನ್ನ ಮಾನ್ಯತೆ ಪಡೆದ ಪ್ರತಿ ಶಾಲೆಯೂ ಫೀಸಿನ ವಿವರ, ವರ್ಷದ ಶೈಕ್ಷಣಿಕ ಕ್ಯಾಲೆಂಡರ್, ಆಡಳಿತ ಸಮಿತಿಯ ಮತ್ತು ಪೋಷಕ ಶಿಕ್ಷಕ ಸಂಘದ ಸದಸ್ಯರ ಪಟ್ಟಿ, ಕಳೆದ ಮೂರು ವರ್ಷಗಳ ಬೋರ್ಡ್ ಫಲಿತಾಂಶ, ಕಟ್ಟಡ ಮತ್ತು ಅಗ್ನಿ ಸುರಕ್ಷತೆಯ ಪ್ರಮಾಣಪತ್ರಗಳನ್ನು ಒಂದೇ ನಮೂನೆಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ರಾಜ್ಯ ಪಠ್ಯಕ್ರಮದ ಖಾಸಗಿ ಹೈಸ್ಕೂಲುಗಳಿಗೂ ಇಂಥದ್ದೇ ಒಂದು ನಮೂನೆಯನ್ನು ಶಾಲಾ ಶಿಕ್ಷಣ ಇಲಾಖೆ ಕನ್ನಡದಲ್ಲಿ ಸಿದ್ಧಪಡಿಸಿ, ಮೇ ಕೊನೆಯಲ್ಲಿ ಬಾಗಿಲು ತೆರೆಯುವ ಮುನ್ನ ಮನೆಗಳಿಗೆ ತಲುಪಿಸುವಂತೆ ಮಾಡಬಹುದು. ಅದಕ್ಕೆ ಮೂರು ಅಂಶಗಳನ್ನು ಸೇರಿಸಬೇಕು: ಎಫ್‌ಎ ದಿನಾಂಕಗಳು ಮತ್ತು ಅವುಗಳ ಅಂಕದ ಲೆಕ್ಕ, ಫೀಸಿನಾಚೆ ಆ ವರ್ಷ ಕೇಳಲಿರುವ ಪ್ರತಿಯೊಂದು ಮೊತ್ತ, ಕ್ಲಾಸ್ ಟೀಚರ್ ವಾರದಲ್ಲಿ ಯಾವ ದಿನ, ಯಾವ ಹೊತ್ತಿನಲ್ಲಿ ಫೋನಿಗೆ ಸಿಗುತ್ತಾರೆ ಎಂಬುದು. ಈ ಕೊನೆಯ ಸಾಲನ್ನು ಸೇರಿಸಲು ಇಲಾಖೆಯ ಆದೇಶಕ್ಕಾಗಿ ಕಾಯಬೇಕಾದ ಅಗತ್ಯ ಯಾವ ಶಾಲೆಗೂ ಇಲ್ಲ.