ಗತವೈಭವವೂ ಒಳಚರಿತ್ರೆಯೂ

ಸ್ಪೇನ್ ದೇಶವು 1898ರಲ್ಲಿ ಕ್ಯೂಬಾವನ್ನು ಕಳೆದುಕೊಳ್ಳುವುದಕ್ಕೆ ಮೂರು ವರ್ಷ ಮೊದಲೇ ಮಿಗೆಲ್ ದೆ ಉನಾಮುನೊ ಎಂಬ ಲೇಖಕನು, ರಾಷ್ಟ್ರದ ನಿಜಸ್ವರೂಪವನ್ನು ದಿಗ್ವಿಜಯಗಳಲ್ಲಿ ಹುಡುಕದೆ ಹೆಸರಿಲ್ಲದ ಜನರ ನಿತ್ಯದ ದುಡಿಮೆಯಲ್ಲಿ ಕಂಡು, ಅದನ್ನು ಒಳಚರಿತ್ರೆಯೆಂದು ಕರೆದನು. 1917ರಲ್ಲಿ ಪ್ರಕಟವಾದ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ'ವು ಹಿಡಿದುದು ಬೇರೆ ದಾರಿ. ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ಕೀರ್ತಿಯೇ ಅದರ ಬೆನ್ನೆಲುಬು. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರನ್ನು ಎಚ್ಚರಿಸಲು ಆ ಕೀರ್ತಿಯು ಬೇಕಾಗಿದ್ದಿತೆಂಬುದು ನಿರ್ವಿವಾದ. ಆದರೆ ಚಿತ್ರದುರ್ಗದ ಸೀಮೆಯ ಹರಿಯಬ್ಬೆಯಂತಹ ಊರಿನಲ್ಲಿ ಮುಗಿಲು ನೋಡುತ್ತ ಹೊಲವನ್ನೂ, ತನಗೆ ತಿಳಿಯದೆಯೇ ಕನ್ನಡವನ್ನೂ ಉಳಿಸಿಕೊಂಡು ಬಂದ ಬೇಸಾಯಗಾರನಿಗೆ ಆ ವೈಭವದಲ್ಲಿ ಎಡೆಯೆಲ್ಲಿ? ಇದೇ ಸೀಮೆಯನ್ನು ಕುರಿತ ತ. ರಾ. ಸುಬ್ಬರಾಯರ 'ದುರ್ಗಾಸ್ತಮಾನ'ವೂ (1982) 1779ರ ಪತನವನ್ನು ಮದಕರಿನಾಯಕನ ಸುತ್ತಲೇ ಕಟ್ಟುತ್ತದೆ. ಕೋಟೆಯ ಹೊರಗಣ ಹಳ್ಳಿಗಳ ಒಳಚರಿತ್ರೆಗೆ ಅಂತಹ ಬರಹಗಾರನೊಬ್ಬನು ದೊರೆಯಬೇಕಾಗಿದೆ.